ಬಾಡಿಗೆ ಮನೆಯಲ್ಲಿ ಒಬ್ಬರೇ ಇದ್ದೀರಾ? ವಾಷಿಂಗ್ ಮಷೀನ್ ಕೊಳ್ಳುವ ಮುನ್ನ ನಲ್ಲಿ, ಪ್ಲಗ್, ಮೆಟ್ಟಿಲು ನೋಡಿ

ಬೆಂಗಳೂರಿನಲ್ಲಿ ಒಬ್ಬರೇ ಇರುವವರ ಭಾನುವಾರ ಬೆಳಗ್ಗೆ ಬಕೆಟ್ ಮುಂದೆಯೇ ಕಳೆದುಹೋಗುತ್ತದೆ. ವಾರವಿಡೀ ಹಾಕಿದ ಶರ್ಟು, ಎರಡು ಜೀನ್ಸು, ಟವೆಲ್ಲು, ಬೆಡ್‌ಶೀಟು. ನೆನೆಸು, ಉಜ್ಜು, ಹಿಂಡು, ಟೆರೇಸಿಗೆ ಹೊತ್ತುಕೊಂಡು ಹೋಗು. ಜೀನ್ಸ್ ಹಿಂಡುವಷ್ಟರಲ್ಲಿ ಕೈ ಸೋತಿರುತ್ತದೆ. ಒಂದು ಮಷೀನ್ ತಗೊಂಡರೆ ಸಾಕಪ್ಪಾ ಅನ್ನಿಸುವುದು ಆಗಲೇ.

ನನಗೂ ಹಾಗೇ ಅನ್ನಿಸಿತ್ತು. ವಿಜಯನಗರದಲ್ಲಿ ಮೂರನೇ ಮಹಡಿಯ 1ಬಿಎಚ್‌ಕೆಯಲ್ಲಿದ್ದಾಗ ಹಬ್ಬದ ಆಫರ್ ನೋಡಿ, ಮುಂದಿನ ಬಾಗಿಲಿನಿಂದ ಬಟ್ಟೆ ಹಾಕುವ ಫ್ರಂಟ್ ಲೋಡ್ ಮಷೀನ್ ಬುಕ್ ಮಾಡಿದೆ. ಲಿಫ್ಟ್ ಇಲ್ಲದ ಮನೆ. ಇಬ್ಬರು ಹುಡುಗರು ಅರವತ್ತು ಕೆಜಿಯ ಆ ಮಷೀನನ್ನು ಉಸಿರು ಬಿಡುತ್ತಾ ಮೇಲಕ್ಕೆ ತಂದರು. ಯುಟಿಲಿಟಿಯಲ್ಲಿ ಇದ್ದದ್ದು ಮಿಕ್ಸಿಗೆ ಹಾಕುವಂಥ ಚಿಕ್ಕ ಪ್ಲಗ್ ಪಾಯಿಂಟು. ನೀರಿನ ಟ್ಯಾಂಕು ನನ್ನ ತಲೆಯ ಮೇಲೆಯೇ ಇದ್ದುದರಿಂದ ನಲ್ಲಿಯಲ್ಲಿ ನೀರು ನೂಲಿನ ಹಾಗೆ ಬರುತ್ತಿತ್ತು. ಮಷೀನ್ ನೀರಿಗಾಗಿ ಕಾದು ಕಾದು ಎರರ್ ತೋರಿಸಿ ನಿಂತುಬಿಡುತ್ತಿತ್ತು. ವೈರಿಂಗ್ ಬದಲಿಸಿ, ಪ್ರೆಷರ್ ಪಂಪ್ ಹಾಕಿಸುವಷ್ಟರಲ್ಲಿ ಆಫರಿನಲ್ಲಿ ಉಳಿದ ದುಡ್ಡು ಪೂರ್ತಿ ಹೋಗಿತ್ತು. ಮಷೀನಿನಲ್ಲಿ ಒಂದೂ ದೋಷ ಇರಲಿಲ್ಲ. ಆ ಮನೆಗೆ ಅದು ಹೊಂದುತ್ತಿರಲಿಲ್ಲ, ಅಷ್ಟೇ.

ಅದಕ್ಕೇ ಈಗ ಯಾರು ಕೇಳಿದರೂ ಹೇಳುತ್ತೇನೆ: ಮೊದಲು ಮನೆ ನೋಡಿ, ಆಮೇಲೆ ಬಟ್ಟೆ ತೂಗಿ, ಕೊನೆಗೆ ಅಂಗಡಿಗೆ ಹೋಗಿ. ಈ ಬರಹವೂ ಅದೇ ಕ್ರಮದಲ್ಲಿದೆ.

ಹೆಜ್ಜೆ 1: ಕೊಳ್ಳಲೇಬೇಕಾ, ಲೆಕ್ಕ ಹಾಕಿ

ಒಬ್ಬರ ಬಟ್ಟೆ ವಾರಕ್ಕೆ ನಾಲ್ಕೈದು ಕೆಜಿ ಆಗುತ್ತದೆ. ನಿಮ್ಮ ಏರಿಯಾದ ಲಾಂಡ್ರಿಯವರು ಕೆಜಿಗೆ 70 ರೂಪಾಯಿ ತಗೊಳ್ಳುತ್ತಾರೆ ಎಂದಿಟ್ಟುಕೊಳ್ಳಿ. ತಿಂಗಳಿಗೆ 20 ಕೆಜಿ ಅಂದರೆ 1,400 ರೂಪಾಯಿ. 15,000 ರೂಪಾಯಿಯ ಮಷೀನಿನ ದುಡ್ಡು ಹನ್ನೊಂದು ತಿಂಗಳಿಗೆ ಹುಟ್ಟುತ್ತದೆ. ಎರಡು ವರ್ಷವಾದರೂ ಈ ಊರಿನಲ್ಲಿ ಇರುತ್ತೀರಿ ಅಂತಾದರೆ ಕೊಳ್ಳುವುದೇ ಸರಿ.

ಆರೇ ತಿಂಗಳ ಪ್ರಾಜೆಕ್ಟ್ ಮೇಲೆ ಬಂದಿದ್ದರೆ ಕೊಳ್ಳಬೇಡಿ. ತಿಂಗಳ ಬಾಡಿಗೆಗೆ ಮಷೀನ್ ಕೊಡುವ ಕಂಪನಿಗಳು ಬೆಂಗಳೂರಿನಲ್ಲಿವೆ. ಅಲ್ಲಿ ಡೆಪಾಸಿಟ್ ಎಷ್ಟು, ಕನಿಷ್ಠ ಎಷ್ಟು ತಿಂಗಳು ಇಟ್ಟುಕೊಳ್ಳಬೇಕು, ಮಧ್ಯದಲ್ಲಿ ವಾಪಸ್ ಕೊಟ್ಟರೆ ಎಷ್ಟು ಹಿಡಿಯುತ್ತಾರೆ, ಈ ಮೂರನ್ನು ಬರಹದಲ್ಲಿ ತಗೊಳ್ಳಿ.

ಹೆಜ್ಜೆ 2: ಟೇಪು ಹಿಡಿದು ಯುಟಿಲಿಟಿಗೆ ಹೋಗಿ

ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದು. ಅರ್ಧ ಗಂಟೆ ಸಾಕು.

ಮೊದಲು ಜಾಗ. ಟಾಪ್ ಲೋಡ್ ಮಷೀನು ಉದ್ದ, ಅಗಲ ಎರಡೂ ಸುಮಾರು 55 ಸೆಂಟಿಮೀಟರ್ ಇರುತ್ತದೆ. ಮುಚ್ಚಳ ಮೇಲಕ್ಕೆ ತೆರೆಯುವುದರಿಂದ ಅದರ ಮೇಲೆ ಶೆಲ್ಫ್ ಇರಬಾರದು. ಫ್ರಂಟ್ ಲೋಡ್ ಸುಮಾರು 60 ಸೆಂಟಿಮೀಟರ್ ಅಗಲ. ಅದರ ಬಾಗಿಲು ಮುಂದಕ್ಕೆ ತೆರೆಯುತ್ತದೆ, ನೀವು ಎದುರಿಗೆ ಕೂತು ಬಟ್ಟೆ ತೆಗೆಯಲು ಜಾಗ ಬೇಕು. ಸೆಮಿ ಆಟೊಮ್ಯಾಟಿಕ್ ಎರಡು ತೊಟ್ಟಿಯದ್ದು, ಒಂದರಲ್ಲಿ ಒಗೆದು ಇನ್ನೊಂದರಲ್ಲಿ ಹಿಂಡುವುದು, ಅಗಲ 80 ಸೆಂಟಿಮೀಟರ್ ಹತ್ತಿರ. ಅಳತೆಗಿಂತ ಎಲ್ಲ ಕಡೆ ಐದು ಸೆಂಟಿಮೀಟರ್ ಜಾಸ್ತಿ ಬಿಡಿ. ಯುಟಿಲಿಟಿಯ ಬಾಗಿಲನ್ನೂ ಅಳೆಯಿರಿ. ಎಷ್ಟೋ ಹಳೆಯ ಮನೆಗಳಲ್ಲಿ ಯುಟಿಲಿಟಿ ದೊಡ್ಡದಿರುತ್ತದೆ, ಅಲ್ಲಿಗೆ ಹೋಗುವ ಬಾಗಿಲು ಕಿರಿದಾಗಿರುತ್ತದೆ.

ಆಮೇಲೆ ನೀರಿನ ರಭಸ. ಬೆಂಗಳೂರಿನ ಮನೆಗಳಲ್ಲಿ ನೀರು ಸಂಪಿಗೆ ಬಂದು, ಅಲ್ಲಿಂದ ಮೋಟರ್ ಹಾಕಿ ಟೆರೇಸಿನ ಟ್ಯಾಂಕಿಗೆ ಏರಿಸಿ, ಅಲ್ಲಿಂದ ನಲ್ಲಿಗೆ ಇಳಿಯುತ್ತದೆ. ಟ್ಯಾಂಕು ನಲ್ಲಿಗಿಂತ ಎಷ್ಟು ಎತ್ತರದಲ್ಲಿದೆಯೋ ಅಷ್ಟು ರಭಸ. 10 ಮೀಟರ್ ಎತ್ತರಕ್ಕೆ ಸುಮಾರು 1 ಬಾರ್ ಒತ್ತಡ ಬರುತ್ತದೆ. ನೆಲಮಹಡಿಯವರಿಗೆ ಇದು ಸಲೀಸು. ಮೇಲಿನ ಮಹಡಿಯಲ್ಲಿ ಟ್ಯಾಂಕು ಮೂರೇ ಮೀಟರ್ ಮೇಲಿದ್ದರೆ 0.3 ಬಾರ್ ಸಿಗುತ್ತದೆ, ಅಷ್ಟೇ. ಬಾಡಿಗೆ ಕಡಿಮೆ ಅಂತ ಒಂಟಿಯಾಗಿರುವವರು ಟೆರೇಸ್ ಮೇಲಿನ ರೂಮು ಹಿಡಿಯುತ್ತಾರೆ ನೋಡಿ, ಅವರಿಗೆ ಇನ್ನೂ ಕಷ್ಟ. ಎಷ್ಟು ಒತ್ತಡ ಬೇಕು ಅನ್ನುವುದು ಪ್ರತಿ ಮಾಡೆಲಿನ ಕೈಪಿಡಿಯಲ್ಲಿ ಇರುತ್ತದೆ. ಕೆಲವರು ಅದನ್ನು ಎಂಪಿಎ ಲೆಕ್ಕದಲ್ಲಿ ಬರೆದಿರುತ್ತಾರೆ. 0.1 ಎಂಪಿಎ ಅಂದರೆ 1 ಬಾರ್.

ಮನೆಯಲ್ಲೇ ಪರೀಕ್ಷೆ ಮಾಡಲು ನನ್ನ ದಾರಿ ಇದು. ಮಷೀನಿಗೆ ಸಿಕ್ಕಿಸುವ ನಲ್ಲಿಯ ಕೆಳಗೆ 10 ಲೀಟರ್ ಬಕೆಟ್ ಇಟ್ಟು, ಪೂರ್ತಿ ತಿರುಗಿಸಿ, ಮೊಬೈಲಿನಲ್ಲಿ ಹೊತ್ತು ನೋಡಿ. ಒಂದು, ಒಂದೂವರೆ ನಿಮಿಷದಲ್ಲಿ ತುಂಬಿದರೆ ಚಿಂತೆ ಇಲ್ಲ. ಮೂರು ನಿಮಿಷ ದಾಟಿದರೆ ಫುಲ್ಲಿ ಆಟೊಮ್ಯಾಟಿಕ್, ಅಂದರೆ ನೀರನ್ನೂ ತಾನೇ ತುಂಬಿಕೊಳ್ಳುವ ಟಾಪ್ ಲೋಡ್ ಅಥವಾ ಫ್ರಂಟ್ ಲೋಡ್, ಕೊಳ್ಳುವ ಮುಂಚೆ ಪ್ಲಂಬರ್ ಹತ್ತಿರ ಮಾತಾಡಿ. ಬರೀ ನಲ್ಲಿಯ ಜಾಲರಿಯಲ್ಲಿ ಕಸ ಕಟ್ಟಿದ್ದರೂ ಹೀಗಾಗುತ್ತದೆ. ಅದು ಐದು ನಿಮಿಷದ ಕೆಲಸ.

ಪ್ಲಗ್ ಪಾಯಿಂಟ್ ನೋಡಿ. ನೀರು ಕಾಯಿಸುವ ಮಷೀನ್ 2,000 ವಾಟ್ ಆಸುಪಾಸು ಎಳೆಯುತ್ತದೆ. ಚಿಕ್ಕ 6 ಆಂಪ್ ಪಾಯಿಂಟ್ ಹೊರುವುದು ಸುಮಾರು 1,380 ವಾಟ್ ಮಾತ್ರ. ಹಾಗಾಗಿ ಗೀಸರಿಗೆ ಇರುವಂಥ ದೊಡ್ಡ 16 ಆಂಪ್ ಪಾಯಿಂಟ್ ಬೇಕೇ ಬೇಕು. ಎಕ್ಸ್‌ಟೆನ್ಷನ್ ಬಾಕ್ಸ್ ಎಳೆದು ಸುಧಾರಿಸಲು ಹೋಗಬೇಡಿ. ಹೀಟರ್ ಇಲ್ಲದ ಟಾಪ್ ಲೋಡ್, ಸೆಮಿ ಮಷೀನುಗಳಿಗೆ ಇಷ್ಟು ಬೇಡ. ಆದರೆ ಅರ್ತಿಂಗ್ ಎಲ್ಲದಕ್ಕೂ ಬೇಕು. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಮುಟ್ಟುವ ಮಷೀನ್ ಇದು. ಹಳೆಯ ಮನೆಯಾದರೆ ಎಲೆಕ್ಟ್ರಿಷಿಯನ್ ಕರೆಸಿ ಅರ್ತಿಂಗ್ ಪರೀಕ್ಷೆ ಮಾಡಿಸಿ, ಇದರಲ್ಲಿ ಮಾತ್ರ ದುಡ್ಡು ಉಳಿಸಬೇಡಿ. ಪಾಯಿಂಟ್ ಹಾಕಿಸಬೇಕಾದರೆ ಮೊದಲೇ ಓನರ್ ಹತ್ತಿರ ಕೇಳಿ: “ಅಂಕಲ್, ಇಲ್ಲಿ ಒಂದು ದೊಡ್ಡ ಪಾಯಿಂಟ್ ಹಾಕಿಸಬೇಕು, ಖರ್ಚು ಹೇಗೆ ಮಾಡೋಣ?” ಮನೆಯಲ್ಲೇ ಉಳಿಯುವ ಕೆಲಸ ಆದ್ದರಿಂದ ಎಷ್ಟೋ ಜನ ಅರ್ಧ ಕೊಡಲು ಒಪ್ಪುತ್ತಾರೆ. ಕೇಳದೆ ಗೋಡೆ ಕೊರೆಸಿದರೆ ಮನೆ ಬಿಡುವಾಗ ಅಡ್ವಾನ್ಸಿನಲ್ಲಿ ಹಿಡಿದುಕೊಳ್ಳುವ ಮಾತು ಬರುತ್ತದೆ.

ನೀರು ಹೊರಗೆ ಹೋಗುವ ದಾರಿಯನ್ನು ಬಹಳ ಜನ ನೋಡುವುದೇ ಇಲ್ಲ. ಸೆಮಿ ಮಷೀನುಗಳಲ್ಲಿ, ನಮ್ಮಲ್ಲಿ ಸಿಗುವ ಎಷ್ಟೋ ಟಾಪ್ ಲೋಡ್‌ಗಳಲ್ಲಿ ಕೊಳೆ ನೀರು ತಾನಾಗಿ ಇಳಿದು ಹೋಗುತ್ತದೆ, ಪಂಪ್ ಇರುವುದಿಲ್ಲ. ಅಂಥ ಮಷೀನಿನ ಪೈಪು ನೆಲಕ್ಕೆ ಅಂಟಿಕೊಂಡು ಹೋಗಬೇಕು. ಮಧ್ಯದಲ್ಲಿ ಹೊಸ್ತಿಲು, ಕಟ್ಟೆ ಅಡ್ಡ ಬಂದರೆ ನೀರು ಒಳಗೇ ನಿಲ್ಲುತ್ತದೆ. ಫ್ರಂಟ್ ಲೋಡ್‌ಗೆ ಪಂಪ್ ಇದೆ. ಅದರ ಪೈಪನ್ನು ಕೈಪಿಡಿ ಹೇಳಿದಷ್ಟು ಎತ್ತರಕ್ಕೆ ಏರಿಸಿ ಸಿಕ್ಕಿಸಬೇಕು, ನೆಲದಲ್ಲಿ ಬಿಟ್ಟರೆ ಒಳಗಿನ ನೀರು ತಾನೇ ಹರಿದು ಹೋಗುತ್ತಿರುತ್ತದೆ.

ಕೊನೆಗೆ ಮೆಟ್ಟಿಲು. ಫ್ರಂಟ್ ಲೋಡ್ 55ರಿಂದ 65 ಕೆಜಿ ತೂಗುತ್ತದೆ. ಜೋರಾಗಿ ತಿರುಗುವಾಗ ಅಲುಗಾಡದಿರಲಿ ಅಂತ ಒಳಗೆ ಕಾಂಕ್ರೀಟಿನಂಥ ಭಾರ ಇಟ್ಟಿರುತ್ತಾರೆ. ಟಾಪ್ ಲೋಡ್ ಸುಮಾರು 30 ಕೆಜಿ, ಸೆಮಿ ಇನ್ನೂ ಹಗುರ. ಬಾಡಿಗೆ ಮನೆಯವರು ಇವತ್ತಿನ ಮನೆಗೆ ಮಾತ್ರವಲ್ಲ, ಮುಂದಿನ ಮನೆಗೂ ಮಷೀನ್ ಕೊಳ್ಳುತ್ತಿರುತ್ತಾರೆ. ಹನ್ನೊಂದು ತಿಂಗಳ ಅಗ್ರಿಮೆಂಟ್ ಮುಗಿದು ಶಿಫ್ಟ್ ಮಾಡುವಾಗ ಈ ತೂಕ ನೆನಪಾಗುತ್ತದೆ.

ಹೆಜ್ಜೆ 3: ನಿಮ್ಮ ನೀರು ಎಂಥದ್ದು?

ಕಾವೇರಿ ನೀರು ಬರುವ ಮನೆಗೂ ಬರೀ ಬೋರ್‌ವೆಲ್, ಟ್ಯಾಂಕರ್ ನಂಬಿರುವ ಮನೆಗೂ ಬಹಳ ವ್ಯತ್ಯಾಸ. ಬೋರ್ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ ಇದ್ದರೆ ಅದನ್ನು ಗಡಸು ನೀರು ಅನ್ನುತ್ತೇವೆ. ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡ ಒಪ್ಪುವ ಗಡಸುತನ ಲೀಟರಿಗೆ 200 ಮಿಲಿಗ್ರಾಂ, ಬೇರೆ ದಾರಿಯೇ ಇಲ್ಲದಿದ್ದರೆ 600ರವರೆಗೆ. ಊರ ಹೊರಭಾಗದ ಆಳದ ಬೋರ್ ನೀರಿನಲ್ಲಿ ಬಕೆಟ್ಟಿನ ಅಂಚಿಗೆ ಬಿಳಿ ಪಟ್ಟಿ ಕಟ್ಟುವುದನ್ನು, ಶವರಿನ ತೂತು ಮುಚ್ಚಿಹೋಗುವುದನ್ನು ನೀವೇ ನೋಡಿರುತ್ತೀರಿ. ಮಷೀನಿನ ಹೀಟರಿಗೂ ಅದೇ ಕಟ್ಟುತ್ತದೆ.

ಪರೀಕ್ಷೆ ಸುಲಭ. ಖಾಲಿ ಬಾಟಲಿಗೆ ಅರ್ಧ ನೀರು ಹಾಕಿ, ಮೈಸೂರು ಸ್ಯಾಂಡಲ್‌ನಂಥ ಸ್ನಾನದ ಸೋಪಿನ ಒಂದು ಚೂರು ಕೆರೆದು ಹಾಕಿ, ಚೆನ್ನಾಗಿ ಅಲ್ಲಾಡಿಸಿ. ನೊರೆ ನಿಂತರೆ ನೀರು ಮೃದು. ನೊರೆ ಬಾರದೆ ನೀರು ಹಾಲಿನ ಹಾಗಾಗಿ, ಒಡೆದ ಹಾಲಿನಂಥ ತುಣುಕು ತೇಲಿದರೆ ಗಡಸು. ಬಟ್ಟೆ ಪುಡಿಯಲ್ಲಿ ಈ ಪರೀಕ್ಷೆ ಮಾಡಬೇಡಿ, ಗಡಸು ನೀರಿನಲ್ಲೂ ಅದು ನೊರೆ ಕೊಡುತ್ತದೆ.

ಗಡಸು ನೀರಿದ್ದರೆ ಮಷೀನ್ ಕೊಳ್ಳಬಾರದು ಅಂತಲ್ಲ. ಬಿಸಿ ನೀರಿನ ಪ್ರೋಗ್ರಾಂ ಕಡಿಮೆ ಬಳಸಿ. ಪುಡಿ ಸ್ವಲ್ಪ ಜಾಸ್ತಿ ಹಾಕಬೇಕಾಗುತ್ತದೆ. ಒಂದೆರಡು ತಿಂಗಳಿಗೊಮ್ಮೆ, ಒಳಗೆ ಕಟ್ಟಿದ ಬಿಳಿ ಪದರ ಕರಗಿಸುವ ಡಿಸ್ಕೇಲಿಂಗ್ ಪುಡಿ ಹಾಕಿ ಖಾಲಿ ಓಡಿಸಿ. ಈ ಖರ್ಚನ್ನು ಲೆಕ್ಕದಲ್ಲಿ ಸೇರಿಸಿಕೊಳ್ಳಿ.

ಇನ್ನು ಎಷ್ಟು ನೀರು ಖರ್ಚಾಗುತ್ತದೆ ಅನ್ನುವುದು. 2024ರ ಬೇಸಿಗೆಯಲ್ಲಿ ಟ್ಯಾಂಕರ್ ದರ ಏರಿ ಏರಿ, ಕೊನೆಗೆ ಜಿಲ್ಲಾಡಳಿತವೇ 5 ಕಿಲೋಮೀಟರ್ ಒಳಗಿನ 12,000 ಲೀಟರ್ ಟ್ಯಾಂಕರಿಗೆ 1,000 ರೂಪಾಯಿ ಅಂತ ದರ ಕಟ್ಟಬೇಕಾಯಿತು. ಆ ದಿನಗಳನ್ನು ಕಂಡವರಿಗೆ ನೀರಿನ ಲೆಕ್ಕ ಸಣ್ಣ ವಿಷಯ ಅಲ್ಲ. ಅಂದಾಜಿಗೆ ಹೇಳುವುದಾದರೆ ಫ್ರಂಟ್ ಲೋಡ್ ಒಂದು ಸಲಕ್ಕೆ 40ರಿಂದ 60 ಲೀಟರ್ ಕುಡಿಯುತ್ತದೆ. ಟಾಪ್ ಲೋಡ್‌ಗೆ 80ರಿಂದ 120 ಲೀಟರ್ ಬೇಕು. ಸೆಮಿಯಲ್ಲಿ ಅದು ನಿಮ್ಮ ಕೈಯಲ್ಲಿದೆ. ನಲ್ಲಿ ಬಿಟ್ಟು ಜಾಲಿಸುತ್ತಾ ಹೋದರೆ ಎಲ್ಲಕ್ಕಿಂತ ಜಾಸ್ತಿ. ಬಿಳಿ ಬಟ್ಟೆ ಒಗೆದ ಸೋಪಿನ ನೀರಿನಲ್ಲೇ ಬಣ್ಣದ್ದು ಒಗೆದು, ಅದೇ ನೀರಿನಲ್ಲಿ ಕಾಲೊರೆಸುವ ಬಟ್ಟೆ ಅದ್ದಿದರೆ ಎಲ್ಲಕ್ಕಿಂತ ಕಡಿಮೆ. ನಮ್ಮ ಅಮ್ಮಂದಿರು ಬಕೆಟ್ಟಿನಲ್ಲಿ ಮಾಡಿಕೊಂಡು ಬಂದದ್ದೂ ಇದನ್ನೇ ಅಲ್ವಾ?

ಹೆಜ್ಜೆ 4: ಬಟ್ಟೆ ತೂಗಿ

ಮಷೀನಿನ ಮೇಲೆ ಬರೆದ ಕೆಜಿ ಒಣ ಬಟ್ಟೆಯ ತೂಕ. ಜೀನ್ಸ್ ಒಂದು 600ರಿಂದ 800 ಗ್ರಾಂ, ಟೀ ಶರ್ಟ್ 150ರಿಂದ 200, ಸ್ನಾನದ ಟವೆಲ್ 400ರಿಂದ 500, ಡಬಲ್ ಬೆಡ್‌ಶೀಟ್ ಮುಕ್ಕಾಲು ಕೆಜಿ ಹತ್ತಿರ. ವಾರದ ಬಟ್ಟೆಯನ್ನು ಒಂದು ಚೀಲಕ್ಕೆ ತುಂಬಿ ಲಗೇಜ್ ತೂಗುವ ತಕ್ಕಡಿಯಲ್ಲಿ ಒಮ್ಮೆ ತೂಗಿಬಿಡಿ.

ಡ್ರಮ್ಮನ್ನು ಮುಕ್ಕಾಲು ತುಂಬಿಸುವುದು ಒಳ್ಳೆಯದು. ಹಾಗಾಗಿ ಒಬ್ಬರಿಗೆ 6ರಿಂದ 7 ಕೆಜಿ ಸಾಕು. ಅಂಗಡಿಯವರು “ಸರ್, ಮುಂದೆ ಮದುವೆ ಆಗ್ತೀರಲ್ಲ, 8 ಕೆಜಿ ತಗೊಳ್ಳಿ” ಅನ್ನುತ್ತಾರೆ. ಇಬ್ಬರಾದರೂ 7 ಕೆಜಿ ನಡೆಯುತ್ತದೆ. ದಪ್ಪ ರಗ್ಗು ಒಗೆಯಬೇಕು ಅಂತ ದೊಡ್ಡದು ಕೊಳ್ಳುವವರೂ ಇದ್ದಾರೆ. ವರ್ಷಕ್ಕೆ ಎರಡು ಸಲ ಒಗೆಯುವ ರಗ್ಗನ್ನು ಲಾಂಡ್ರಿಗೆ ಕೊಡಿ. ಇನ್ನೊಂದು ಮಾತು: 15 ನಿಮಿಷ, 30 ನಿಮಿಷದ ಕ್ವಿಕ್ ವಾಷ್‌ನಲ್ಲಿ ಪೂರ್ತಿ ತೂಕ ಹಾಕುವ ಹಾಗಿಲ್ಲ. ಒಂದೆರಡು ಕೆಜಿ, ಅಷ್ಟೇ.

ಹೆಜ್ಜೆ 5: ಮೂರರಲ್ಲಿ ಒಂದು ಆರಿಸಿ

ಸೆಮಿ ಆಟೊಮ್ಯಾಟಿಕ್ ಸುಮಾರು 8,000ದಿಂದ 12,000 ರೂಪಾಯಿಗೆ ಸಿಗುತ್ತದೆ. ಇದನ್ನು ಹಳೆಯ ಕಾಲದ್ದು ಅಂತ ತಳ್ಳಿಹಾಕಬೇಡಿ. ನಲ್ಲಿಯ ರಭಸ ಬೇಕಾಗಿಲ್ಲ, ಬಕೆಟ್ಟಿನಲ್ಲಿ ಹೊಯ್ದರೂ ಆಯಿತು. ಕರೆಂಟ್ ಹೋಗಿ ಬಂದರೆ ಟೈಮರನ್ನು ಮತ್ತೊಮ್ಮೆ ತಿರುಗಿಸಿದರೆ ಆಯಿತು. ರಿಪೇರಿ ಬೀದಿಯ ಮೆಕ್ಯಾನಿಕ್ ಕೈಯಲ್ಲೇ ಆಗುತ್ತದೆ. ಶಿಫ್ಟ್ ಮಾಡುವಾಗ ಇಬ್ಬರು ಸುಲಭವಾಗಿ ಎತ್ತುತ್ತಾರೆ. ತೊಂದರೆ ಒಂದೇ, ನೀವು ಹತ್ತಿರ ಇರಬೇಕು. ಒಗೆದದ್ದನ್ನು ಒದ್ದೆಯಲ್ಲೇ ಎತ್ತಿ ಪಕ್ಕದ ತೊಟ್ಟಿಗೆ ಹಾಕಬೇಕು. ಬೆನ್ನು ನೋವಿರುವವರಿಗೆ, ಕೆಲಸದಿಂದ ರಾತ್ರಿ ಹತ್ತಕ್ಕೆ ಬರುವವರಿಗೆ ಇದು ಬೇಡ.

ಫುಲ್ಲಿ ಆಟೊಮ್ಯಾಟಿಕ್ ಟಾಪ್ ಲೋಡ್, 6.5 ಅಥವಾ 7 ಕೆಜಿಯದ್ದು, ಸುಮಾರು 13,000ದಿಂದ 18,000. ಬಟ್ಟೆ ಹಾಕಿ, ಬಟನ್ ಒತ್ತಿ ಅಡುಗೆಗೆ ಹೋಗಬಹುದು. ಮಧ್ಯದಲ್ಲಿ ಬಿಟ್ಟುಹೋದ ಸಾಕ್ಸನ್ನೂ ಹಾಕಬಹುದು. ಕರೆಂಟ್ ಬಂದ ಮೇಲೆ ತಾನೇ ಮುಂದುವರಿಯುವ ಆಟೊ ರೀಸ್ಟಾರ್ಟ್ ಇದೆಯಾ ಕೇಳಿ. ಕಡಿಮೆ ಒತ್ತಡದ ನೀರಿನಲ್ಲೂ ತುಂಬಿಕೊಳ್ಳುವ ಮಾಡೆಲ್‌ಗಳು ಈ ಬಗೆಯಲ್ಲಿ ಸಿಗುತ್ತವೆ. ಮೇಲಿನ ಮಹಡಿಯವರು ಅದನ್ನೇ ಕೇಳಿ ತಗೊಳ್ಳಿ.

ಫ್ರಂಟ್ ಲೋಡ್ 6 ಕೆಜಿಗೆ 20,000ದ ಮೇಲೆಯೇ. ಬಟ್ಟೆ ಚೆನ್ನಾಗಿ ಒಗೆಯುತ್ತದೆ, ಸವೆತ ಕಡಿಮೆ, ನೀರು ಕಡಿಮೆ. ನಿಮಿಷಕ್ಕೆ 1,000 ಸುತ್ತು ತಿರುಗುವುದರಿಂದ ಬಟ್ಟೆ ಹೆಚ್ಚು ಹಿಂಡಿ ಬರುತ್ತದೆ. ಟಾಪ್ ಲೋಡ್ ಸಾಮಾನ್ಯವಾಗಿ 700ರ ಆಸುಪಾಸು. ಜೂನ್‌ನಿಂದ ಅಕ್ಟೋಬರ್‌ವರೆಗೆ ಬಟ್ಟೆ ಮನೆಯೊಳಗೇ ಒಣಗಿಸಬೇಕಾದ ನಮ್ಮ ಊರಿನಲ್ಲಿ ಇದು ನಿಜವಾದ ಲಾಭ. ಹೀಗೆ ಹಿಂಡುವುದನ್ನೇ ಅಂಗಡಿಯಲ್ಲಿ ಡ್ರೈಯರ್ ಅನ್ನುತ್ತಾರೆ. ಮೂರೂ ಬಗೆಯಲ್ಲಿ ಅದು ಬರೀ ನೀರು ಹಿಂಡುವ ಕೆಲಸ, ಪೂರ್ತಿ ಒಣಗಿ ಬರುವುದಿಲ್ಲ.

ಕರೆಂಟಿನ ಲೆಕ್ಕ ಬಹಳ ಜನ ಹೆದರುವಷ್ಟಿಲ್ಲ. ತಣ್ಣೀರಿನಲ್ಲಿ ಒಗೆದರೆ ಮೋಟರಿನ ಖರ್ಚು ಮಾತ್ರ. 15 ಲೀಟರ್ ನೀರನ್ನು 25 ಡಿಗ್ರಿಯಿಂದ 60ಕ್ಕೆ ಕಾಯಿಸಲು ಸುಮಾರು 0.6 ಯೂನಿಟ್ ಬೇಕು. 40 ಡಿಗ್ರಿ ಸಾಕೆಂದರೆ 0.26. ಗೃಹಜ್ಯೋತಿಯಲ್ಲಿರುವವರು ತಿಂಗಳಿಗೆ 200 ಯೂನಿಟ್ ದಾಟದ ಹಾಗೆ ನೋಡಿಕೊಳ್ಳಬೇಕು, ದಾಟಿದರೆ ಪೂರ್ತಿ ಬಿಲ್ ಬರುತ್ತದೆ. ಒಬ್ಬರ ವಾಷಿಂಗ್ ಮಷೀನ್ ಒಂದರಿಂದ ಅದು ದಾಟುವುದಿಲ್ಲ.

ನನ್ನ ತೀರ್ಮಾನ ಕೇಳಿದರೆ: ಮೇಲಿನ ಮಹಡಿ, ಲಿಫ್ಟ್ ಇಲ್ಲ, ನೀರು ಸಣ್ಣಗೆ ಬರುತ್ತದೆ, ವರ್ಷಕ್ಕೊಮ್ಮೆ ಮನೆ ಬದಲಿಸುತ್ತೀರಿ ಅಂದರೆ ಸೆಮಿ ತಗೊಳ್ಳಿ, ಅನುಮಾನ ಬೇಡ. ನೀರು, ಪ್ಲಗ್ ಸರಿ ಇದ್ದು ಬಜೆಟ್ 15,000ದ ಹತ್ತಿರ ಇದ್ದರೆ ಟಾಪ್ ಲೋಡ್. ಹೆಚ್ಚಿನ ಒಂಟಿ ಜನರಿಗೆ ಇದೇ ಹೊಂದುತ್ತದೆ. ಟ್ಯಾಂಕರ್ ನೀರಿಗೆ ಮೀಟರ್ ಹಾಕಿ ದುಡ್ಡು ತಗೊಳ್ಳುವ, ಲಿಫ್ಟ್ ಇರುವ ಅಪಾರ್ಟ್‌ಮೆಂಟಿನಲ್ಲಿ ಮೂರ್ನಾಲ್ಕು ವರ್ಷ ಇರುವವರಿಗೆ ಫ್ರಂಟ್ ಲೋಡ್ ಕೊಟ್ಟ ದುಡ್ಡಿಗೆ ಮೋಸವಿಲ್ಲ.

ಹೆಜ್ಜೆ 6: ಅಂಗಡಿಯಲ್ಲಿ

ಆನ್‌ಲೈನ್ ಬೆಲೆಯನ್ನು ಮೊಬೈಲಿನಲ್ಲಿ ತೆರೆದಿಟ್ಟುಕೊಂಡು ಗಿರಿಯಾಸ್, ಆದೀಶ್ವರ್, ಪೈ ಇಂಟರ್‌ನ್ಯಾಷನಲ್‌ನಂಥ ನಮ್ಮೂರ ಶೋರೂಮ್‌ಗೆ ಹೋಗಿ. ಆಯುಧಪೂಜೆ, ದೀಪಾವಳಿ, ಯುಗಾದಿ ಹೊತ್ತಿಗೆ ಚೌಕಾಸಿಗೆ ಜಾಗ ಜಾಸ್ತಿ. ಬೆಲೆ ಇಳಿಯದಿದ್ದರೆ ಸ್ಟ್ಯಾಂಡು, ಕವರು, ಇಲಿ ಬಾರದಂತೆ ಕೆಳಗೆ ಹಾಕುವ ಜಾಲರಿ ಸೇರಿಸಿ ಕೊಡಿ ಅಂತ ಕೇಳಿ. ಜಾಲರಿ ಮರೆಯಬೇಡಿ. ಯುಟಿಲಿಟಿಗೆ ಬರುವ ಇಲಿ ತಳದಿಂದ ಒಳಹೊಕ್ಕು ವೈರ್ ಕಡಿಯುತ್ತದೆ, ಅದು ವಾರಂಟಿಗೆ ಬರುವುದಿಲ್ಲ.

ವಾರಂಟಿ ಕಾರ್ಡನ್ನು ಅಲ್ಲೇ ಓದಿ. “10 ವರ್ಷ” ಅಂತ ದೊಡ್ಡದಾಗಿ ಬರೆದದ್ದು ಮೋಟರಿಗೆ ಮಾತ್ರ. ಪೂರ್ತಿ ಮಷೀನಿಗೆ ಎಷ್ಟು ವರ್ಷ, ಸರ್ಕ್ಯೂಟ್ ಬೋರ್ಡ್ ಸೇರಿದೆಯಾ, ಅದನ್ನು ನೋಡಿ. ಕರೆಂಟ್ ಉಳಿತಾಯ ಎಷ್ಟು ಅಂತ ಸ್ಟಾರ್‌ಗಳಲ್ಲಿ ತೋರಿಸುವ ಬಿಇಇ ಲೇಬಲ್ ಇದ್ದರೆ ಒಂದೇ ಬಗೆಯ ಎರಡು ಮಾಡೆಲ್‌ಗಳನ್ನು ಹೋಲಿಸಲು ಅನುಕೂಲ. ವೈಫೈ, ಆ್ಯಪ್ ಇತ್ಯಾದಿಗೆ ಸುಮ್ನೆ ಎರಡು ಸಾವಿರ ಹೆಚ್ಚು ಕೊಡಬೇಡಿ. ಬ್ರ್ಯಾಂಡ್ ಯಾವುದಾದರೂ ಆಗಲಿ, ನಿಮ್ಮ ಏರಿಯಾಗೆ ಸರ್ವಿಸ್ ಬರುತ್ತದಾ ಅಂತ ಅಕ್ಕಪಕ್ಕದ ಮನೆಯಲ್ಲಿ ವಿಚಾರಿಸಿ.

ಸೆಕೆಂಡ್ ಹ್ಯಾಂಡ್ ಕೂಡ ಒಳ್ಳೆಯ ದಾರಿ. ಕೆಲಸ ಬದಲಿಸಿ ಊರು ಬಿಡುವವರು ಎರಡು ಮೂರು ವರ್ಷದ ಮಷೀನನ್ನು ಅರ್ಧ ಬೆಲೆಗೆ ಕೊಡುತ್ತಾರೆ. ಪ್ಲಗ್ ಹಾಕಿ, ನೀರು ತುಂಬಿಸಿ, ಬಟ್ಟೆ ಸಮೇತ ಒಂದು ಸಲ ಪೂರ್ತಿ ಓಡಿಸಿ ತೋರಿಸಲು ಹೇಳಿ. ಹಿಂಡುವ ಹೊತ್ತಿನಲ್ಲಿ ಕೂತು ಕೇಳಿಸಿಕೊಳ್ಳಿ, ಗರಗರ ಸದ್ದು ಬಂದರೆ ಬೇರಿಂಗ್ ಹೋಗಿದೆ ಅಂತ ಅರ್ಥ. ಡ್ರಮ್ಮನ್ನು ಕೈಯಲ್ಲಿ ಮೇಲೆ ಕೆಳಗೆ ಅಲುಗಿಸಿ ನೋಡಿ. ತಳದಲ್ಲಿ ತುಕ್ಕು, ಫ್ರಂಟ್ ಲೋಡ್ ಆದರೆ ಬಾಗಿಲಿನ ರಬ್ಬರಿನಲ್ಲಿ ಕಪ್ಪು ಬೂಷ್ಟು ಇದೆಯಾ ನೋಡಿ. ಹಳೆಯ ಬಿಲ್ ಕೇಳಿ ಇಸ್ಕೊಳ್ಳಿ.

ಹೆಜ್ಜೆ 7: ಮನೆಗೆ ಬಂದ ದಿನ

ಪ್ಯಾಕಿಂಗ್ ಬಿಚ್ಚುವಾಗ ವಿಡಿಯೋ ಮಾಡಿಕೊಳ್ಳಿ. ಸೀರಿಯಲ್ ನಂಬರ್ ಬಿಲ್ಲಿನಲ್ಲಿರುವುದಕ್ಕೆ ಹೊಂದುತ್ತದಾ ನೋಡಿ. ಫ್ರಂಟ್ ಲೋಡ್ ಹಿಂಭಾಗದಲ್ಲಿ ಸಾಗಣೆಗೆ ಅಂತ ಹಾಕಿದ ಉದ್ದ ಬೋಲ್ಟುಗಳಿರುತ್ತವೆ. ಅವನ್ನು ತೆಗೆಯದೆ ಓಡಿಸಿದರೆ ಮಷೀನ್ ಮನೆಯೆಲ್ಲ ಕುಣಿದು ಹಾಳಾಗುತ್ತದೆ. ತೆಗೆದ ಮೇಲೆ ಬಿಸಾಡಬೇಡಿ, ಒಂದು ಕವರಿಗೆ ಹಾಕಿ ಎತ್ತಿಡಿ. ಮನೆ ಶಿಫ್ಟ್ ಮಾಡುವಾಗ ಮತ್ತೆ ಹಾಕಲೇಬೇಕು. ನಾಲ್ಕು ಕಾಲೂ ನೆಲಕ್ಕೆ ಊರಿವೆಯಾ ಅಂತ ಮೂಲೆ ಮೂಲೆ ಒತ್ತಿ ನೋಡಿ. ಇನ್‌ಸ್ಟಾಲೇಷನ್ ಉಚಿತ ಅಂದರೂ ನಲ್ಲಿಗೆ ಹಾಕುವ ಕನೆಕ್ಟರ್, ಉದ್ದದ ಪೈಪಿಗೆ ದುಡ್ಡು ಕೇಳಬಹುದು. ಬಿಲ್ ಕೊಟ್ಟರೆ ಮಾತ್ರ ಕೊಡಿ. ಹಾಳಾದ ಮಷೀನ್ ಕೊಟ್ಟು ಬದಲಿಸಲು ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.

ಮೊದಲ ಸಲ ಬಟ್ಟೆ ಇಲ್ಲದೆ ಖಾಲಿ ಓಡಿಸಿ. ಫ್ರಂಟ್ ಲೋಡ್‌ಗೆ ಅದಕ್ಕೆಂದೇ ಇರುವ ಕಡಿಮೆ ನೊರೆಯ ಪುಡಿ ಹಾಕಿ, ಬಕೆಟ್ಟಿಗೆ ಹಾಕುವ ಪುಡಿ ಹಾಕಿದರೆ ನೊರೆ ತುಂಬಿ ನಿಲ್ಲುತ್ತದೆ. ಒಗೆದಾದ ಮೇಲೆ ಬಾಗಿಲನ್ನು ಸ್ವಲ್ಪ ತೆರೆದಿಡಿ. ಮುಚ್ಚಿದರೆ ಒಳಗೆ ಮುಗ್ಗಲು ವಾಸನೆ ಹಿಡಿಯುತ್ತದೆ. ನೀರು ಬರುವ ಪೈಪಿನ ಬಾಯಲ್ಲಿ ಚಿಕ್ಕ ಜಾಲರಿ ಇರುತ್ತದೆ. ಸಂಪಿನ ಮಣ್ಣು ಅಲ್ಲೇ ನಿಲ್ಲುವುದರಿಂದ ತಿಂಗಳಿಗೊಮ್ಮೆ ಬಿಚ್ಚಿ ಹಳೆಯ ಟೂತ್‌ಬ್ರಷ್‌ನಲ್ಲಿ ಉಜ್ಜಿ. ಹಬ್ಬಕ್ಕೆ ಊರಿಗೆ ಹೊರಟಾಗ ಮಷೀನಿನ ನಲ್ಲಿ ಬಂದ್ ಮಾಡಿ, ಪ್ಲಗ್ ಕಿತ್ತು ಹೋಗಿ. ಒಬ್ಬರೇ ಇರುವ ಮನೆಯಲ್ಲಿ ಪೈಪು ಬಿಟ್ಟುಕೊಂಡರೆ ನೋಡುವವರು ಯಾರೂ ಇರುವುದಿಲ್ಲ, ನೀರು ಕೆಳಗಿನ ಮನೆಯ ಗೋಡೆಗೆ ಇಳಿದ ಮೇಲೆಯೇ ನಿಮಗೆ ಫೋನ್ ಬರುವುದು.